ಅಜ್ಜಿಯ ಎಣ್ಣೆ ಬಾಟಲಿ

ಚೌತಿಗೆ ಮುಂಚೆ ದೇವರ ಕೋಣೆ ಚೊಕ್ಕ ಮಾಡುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಹಾಸ್ಟೆಲ್‌ನಿಂದ ಮಾವಿನಕುರ್ವೆಗೆ ಬಂದ ಮರುದಿನವೇ ಅಜ್ಜಿ ಕೈಗೊಂದು ಬಟ್ಟೆ ಕೊಟ್ಟು, ‘ಎಲ್ಲ ಒರೆಸು ತಮಾ, ಆ ಎಣ್ಣೆ ಬಾಟ್ಲಿ ಮಾತ್ರ ಜಾಗ್ರತೆ’ ಎಂದಳು.

ನಾನು ಹುಟ್ಟಿದಾಗಿನಿಂದ ನೋಡಿದ ಬಾಟಲಿ ಅದು. ಕಪ್ಪೇ ಅನ್ನಿಸುವಷ್ಟು ಗಾಢ ಹಸಿರು. ದುಂಡಗಿಲ್ಲ, ಚೌಕ. ಹೆಗಲ ಹತ್ತಿರ ಅಗಲ, ಕೆಳಗಿಳಿದಂತೆ ಸಪೂರ. ಹೆಗಲ ಮೇಲೆ ನಾಣ್ಯದಂಥ ಒಂದು ಗಾಜಿನ ಬಿಲ್ಲೆ. ಅದು ಯಾವುದೋ ದೇವರ ಯಂತ್ರವೆಂದು ನಂಬಿದ್ದ ಅಜ್ಜಿ ಪ್ರತಿ ಹಬ್ಬಕ್ಕೂ ಅದಕ್ಕೆ ಕುಂಕುಮ ಹಚ್ಚುತ್ತಿದ್ದಳು. ಒಳಗೆ ದೀಪದ ಎಣ್ಣೆ. ಅಜ್ಜನ ಅಪ್ಪನಿಗೆ ಮಂಜಿಯವರು ಯಾರೋ ಕೊಟ್ಟದ್ದಂತೆ. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ.

ಈ ಸಲ ಅದಕ್ಕೆ ಗಿರಾಕಿ ಹುಟ್ಟಿದ್ದ. ಹಳೇ ಸಾಮಾನು ಕೊಳ್ಳುವ ಒಬ್ಬರನ್ನು ಚಿಕ್ಕಪ್ಪ ಮನೆಗೆ ಕರೆತಂದಿದ್ದ. ಅವರು ಬಾಟಲಿಯನ್ನು ತಿರುಗಿಸಿ ನೋಡಿ, ‘ಪೋರ್ಚುಗೀಸರ ಕಾಲದ್ದು ಅಂತ ಮನೆಯವರು ಬರೆದುಕೊಟ್ಟರೆ ಇಪ್ಪತ್ತೈದು ಸಾವಿರ’ ಎಂದರು. ಚಿಕ್ಕಪ್ಪ ನನ್ನ ಕಡೆ ನೋಡಿದ. ‘ಎಂಜಿನಿಯರ್ ಓದೂದು ನೀನು. ಚಂದ ಮಾಡಿ ಬರ್ದುಕೊಡು.’

ಇಪ್ಪತ್ತೈದು ಸಾವಿರ ನಮಗೆ ಸಣ್ಣ ಮೊತ್ತವಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಕೆಲವೇ ವಾರ ಆಗಿತ್ತು. ಅಪ್ಪನ ಕೈಯಲ್ಲಿ ಇನ್ನೂ ಕಾಸು ಆಡುತ್ತಿರಲಿಲ್ಲ. ನನ್ನ ಫೀ ಬಾಕಿ ಇತ್ತು. ಬರೆಯುವ ಮುಂಚೆ ಒಮ್ಮೆ ಸರಿಯಾಗಿ ನೋಡಿಬಿಡೋಣ ಎಂದು ಬಾಟಲಿಯನ್ನು ಅಂಗಳಕ್ಕೆ ತಂದೆ.

ಎಣ್ಣೆ ಬಗ್ಗಿಸಿ, ಸೀಗೆಪುಡಿ ಹಾಕಿ ತಿಕ್ಕಿದೆ. ತಲೆಮಾರುಗಳ ಕುಂಕುಮ ಕರಗಿದಾಗ ಬಿಲ್ಲೆಯ ಮೇಲೆ ಮೂರು ಇಂಗ್ಲಿಷ್ ಅಕ್ಷರ ಎದ್ದವು: ಎ, ವಿ, ಹೆಚ್. ಚಿಕ್ಕಪ್ಪ ಕುಣಿದೇಬಿಟ್ಟ. ‘ಎ ಅಂದ್ರೆ ಅಲ್ಬುಕರ್ಕ್, ವಿ ಅಂದ್ರೆ ವಾಸ್ಕೋ, ಹೆಚ್ ಅಂದ್ರೆ ಹೊನ್ನಾವರ! ಮೆಣಸಿನ ರಾಣಿ ಚೆನ್ನಭೈರಾದೇವಿಗೆ ಕೊಟ್ಟಿದ್ದೇ ಸೈ!’

ನನ್ನ ಕಣ್ಣು ಬಿದ್ದದ್ದು ಬೇರೆ ಕಡೆ. ಬಿಸಿಲಿಗೆ ಹಿಡಿದಾಗ ಎದುರುಬದುರಿನ ಎರಡು ಮೂಲೆಗಳಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಬೆರಳಿಟ್ಟು ಹಿಂಬಾಲಿಸಿದೆ. ಅದು ತಳದಲ್ಲಿ ಓರೆಯಾಗಿ ಹಾದು, ಇನ್ನೊಂದು ಬದಿಯಲ್ಲಿ ಮೇಲೇರಿ, ಕುತ್ತಿಗೆಯ ಹತ್ತಿರ ಮಾಯವಾಗುತ್ತಿತ್ತು. ಇದನ್ನು ನಾನು ಕಾಲೇಜಿನ ಫೌಂಡ್ರಿ ಲ್ಯಾಬ್‌ನಲ್ಲಿ ನೋಡಿದ್ದೇನೆ. ಅಚ್ಚಿನ ಎರಡು ಹೋಳು ಕೂಡುವಲ್ಲಿ ಎರಕದ ಮೇಲೆ ಉಳಿಯುವ ಪಾರ್ಟಿಂಗ್ ಲೈನ್!

ಆಮೇಲೆ ಎರಡು ರಾತ್ರಿ ಹಳೇ ಬಾಟಲಿಗಳ ಬಗ್ಗೆ ಓದುವುದೇ ಕೆಲಸವಾಯಿತು. ಮೊದಲು ನೋಡಬೇಕಾದದ್ದು ಈ ಗೆರೆಯನ್ನೇ. ಯಂತ್ರದ ಬಾಟಲಿಯಲ್ಲಿ ಅದು ಬಾಯಂಚಿನವರೆಗೂ ಹೋಗುತ್ತದೆ. ಅಮೆರಿಕದ ಮೈಕೇಲ್ ಓವೆನ್ಸ್ ಪೂರ್ತಿ ಸ್ವಯಂಚಾಲಿತ ಬಾಟಲಿ ಯಂತ್ರವನ್ನು ರೂಪಿಸಿದ್ದು 1903ರಲ್ಲಿ. ನಮ್ಮದರಲ್ಲಿ ಗೆರೆ ಕುತ್ತಿಗೆಯಲ್ಲೇ ನಿಂತಿತ್ತು. ಬಾಯಂಚು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅಂದರೆ ಒಬ್ಬ ಮನುಷ್ಯ ಕೊಳವೆಯಲ್ಲಿ ಉಸಿರು ಊದಿ ಗಾಜನ್ನು ಅಚ್ಚಿನೊಳಗೆ ಉಬ್ಬಿಸಿದ್ದಾನೆ. ಆಮೇಲೆ ಬಿಸಿ ಗಾಜನ್ನು ಸುತ್ತಿ ಬಾಯಿ ಕೂರಿಸಿದ್ದಾನೆ. ಒಳಗಿನ ಗುಳ್ಳೆಗಳೂ ಅದಕ್ಕೆ ಒಪ್ಪುವಂತಿದ್ದವು. ಹಸಿರು ಬಣ್ಣ ಮರಳಿನಲ್ಲಿದ್ದ ಕಬ್ಬಿಣದ ಅಂಶದ್ದು.

ಎರಡನೆಯದು ತಳ. ಇನ್ನೂ ಹಳೆಯ ಬಾಟಲಿಗಳಾದರೆ, ಬಾಯಿ ಕಟ್ಟುವಾಗ ಹಿಡಿದುಕೊಳ್ಳಲು ತಳಕ್ಕೆ ಕಬ್ಬಿಣದ ಸರಳು ಅಂಟಿಸುತ್ತಿದ್ದರು. ಅದನ್ನು ಮುರಿದು ತೆಗೆದಲ್ಲಿ ಒರಟು ಗಾಯ ಉಳಿಯುತ್ತಿತ್ತು. 19ನೇ ಶತಮಾನದ ಮಧ್ಯದ ನಂತರ ಬಾಟಲಿಯನ್ನು ಚಿಮ್ಮಟದಂತೆ ಅಪ್ಪಿ ಹಿಡಿಯುವ ಸಾಧನ ಬಂತು, ಗಾಯ ಕಡಿಮೆಯಾಗುತ್ತ ಹೋಯಿತು. ನಮ್ಮ ಬಾಟಲಿಗೆ ಗಾಯವಿಲ್ಲ. ಪೋರ್ಚುಗೀಸರು ಹೊನ್ನಾವರ ಹಿಡಿದದ್ದು 1569ರಲ್ಲಿ. ಕೆಳದಿಯ ಶಿವಪ್ಪ ನಾಯಕ ಅವರನ್ನು ಅಲ್ಲಿಂದ ಹೊರಹಾಕಿದ್ದು 1650ರ ದಶಕದಲ್ಲಿ. ಅಲ್ಲಿಂದ ಈ ಬಾಟಲಿಗೆ ಸುಮಾರು ಇನ್ನೂರು ವರ್ಷದ ಅಂತರ!

ಮೂರನೆಯದು ಆಕಾರ. ಇದನ್ನು ‘ಕೇಸ್ ಬಾಟಲಿ’ ಎನ್ನುತ್ತಾರೆ. ಚೌಕವಾಗಿರುವುದರಿಂದ ಮರದ ಪೆಟ್ಟಿಗೆಯಲ್ಲಿ ಒತ್ತಾಗಿ ಕೂರುತ್ತದೆ, ಹಡಗಿನಲ್ಲಿ ಜಾಗ ಉಳಿಯುತ್ತದೆ. ಕೆಳಗೆ ಸಪೂರ ಏಕೆ? ಮೊದಲು ಇವನ್ನು ಒಂದೇ ಹೋಳಿನ ಅಚ್ಚಿನಲ್ಲಿ ಊದುತ್ತಿದ್ದರು. ನೇರ ಗೋಡೆಯಿದ್ದರೆ ಬಾಟಲಿ ಅಚ್ಚಿನಿಂದ ಮೇಲೆ ಬರುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ಎರಡು ಹೋಳಿನ ಅಚ್ಚು ಬಂದ ಮೇಲೂ ಆಕಾರ ಹಾಗೇ ಉಳಿಯಿತು. ಇದನ್ನು ಓದಿದಾಗ ನಾನು ಹಣೆ ಬಡಿದುಕೊಂಡೆ. ಹಿಂದಿನ ಸೆಮಿಸ್ಟರ್‌ನ ವೈವಾದಲ್ಲಿ ‘ಪ್ಯಾಟರ್ನ್‌ಗೆ ಡ್ರಾಫ್ಟ್ ಯಾಕೆ ಕೊಡ್ತಾರೆ?’ ಎಂದು ಕೇಳಿದ್ದಕ್ಕೆ ಬೆಪ್ಪನಂತೆ ನಿಂತಿದ್ದೆ. ಉತ್ತರ ಇಪ್ಪತ್ತು ವರ್ಷದಿಂದ ನಮ್ಮ ದೇವರ ಕೋಣೆಯಲ್ಲೇ ಇತ್ತು.

ಕೊನೆಗೆ ಅಕ್ಷರ. ಎವಿಹೆಚ್ ಎಂದರೆ ಎ. ವಾನ್ ಹೊಬೋಕೆನ್, ಹಾಲೆಂಡಿನ ರಾಟರ್‌ಡ್ಯಾಮ್‌ನ ವ್ಯಾಪಾರಿ ಸಂಸ್ಥೆ. ಬಿಸಿ ಗಾಜಿನ ತೊಟ್ಟನ್ನು ಹೆಗಲಿಗಿಟ್ಟು ಮುದ್ರೆ ಒತ್ತುವುದು ಅವರ ಗುರುತು. ಇಂಥ ಬಾಟಲಿಗಳು ಜಗತ್ತಿನ ಬೇರೆ ಬೇರೆ ಕಡೆ ಸಿಕ್ಕಿವೆ. ಅವುಗಳಲ್ಲಿ ತುಂಬಿ ಕಳಿಸುತ್ತಿದ್ದದ್ದು ಜಿನ್!

ಅಪ್ಪನಿಗೆ ಮೊದಲು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಬಲೆಯ ಗಂಟು ಬಿಡಿಸುತ್ತ ಕೂತ. ‘ಅಲ್ಲ ಅಂತ ಗೊತ್ತಾದ ಮೇಲೆ ಹೌದು ಅಂತ ಹ್ಯಾಂಗೆ ಬರೀತೆ?’ ಎಂದ. ಅಷ್ಟೇ. ನಾನು ಚೀಟಿ ಬರೆದೆ: ‘ಡಚ್ ಜಿನ್ ಬಾಟಲಿ. ಕೈಯಲ್ಲಿ ಊದಿದ್ದು. 19ನೇ ಶತಮಾನದ ಉತ್ತರಾರ್ಧದ್ದು ಇರಬಹುದು. ಬಾಯಂಚಿನಲ್ಲಿ ಸಣ್ಣ ಚಕ್ಕೆ ಎದ್ದಿದೆ.’ ಗಿರಾಕಿ ಓದಿ ನಕ್ಕರು. ‘ಎರಡು ಸಾವಿರ’ ಎಂದರು. ಕೊಡಲಿಲ್ಲ. ಫೀಗೆ ಅಮ್ಮ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿದಳು. ಆ ಕಂತು ಇನ್ನೂ ನಡೆಯುತ್ತಿದೆ. ಇಪ್ಪತ್ತೈದು ಸಾವಿರದ ನೆನಪು ನನಗೆ ಆಗಾಗ ಬರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇರಬಹುದು. ಯಾರೋ ಹೇಳಿದ ಕಥೆ ಕೇಳುವ ಮೊದಲು ಅದನ್ನು ಬಿಸಿಲಿಗೆ ಹಿಡಿಯಿರಿ. ಗೆರೆ ಎಲ್ಲಿ ನಿಲ್ಲುತ್ತದೆ, ತಳದಲ್ಲಿ ಏನಿದೆ, ಬಾಯಿ ಸಮನಾಗಿದೆಯೇ ನೋಡಿ. ತಳದ ಸವೆತದ ಗೀರುಗಳು ದಿಕ್ಕುದೆಸೆಯಿಲ್ಲದೆ ಇದ್ದರೆ ನಿಜವಾದ ಬಳಕೆ. ಎಲ್ಲವೂ ಒಂದೇ ದಿಕ್ಕಿಗಿದ್ದರೆ ಉಜ್ಜಿ ಹಳತು ಮಾಡಿರಬಹುದೆಂಬ ಅನುಮಾನ ಇರಲಿ.

ಉಳಿದದ್ದು ಅಜ್ಜಿಗೆ ಹೇಳುವ ಕಷ್ಟದ ಕೆಲಸ. ಇಷ್ಟು ವರ್ಷ ಕುಂಕುಮ ಹಚ್ಚಿದ್ದು ಸಾರಾಯಿ ಬಾಟಲಿಗೆ ಎಂದು ಯಾವ ಬಾಯಲ್ಲಿ ಹೇಳುವುದು? ಚಿಕ್ಕಪ್ಪನೇ ಹೇಳಿಬಿಟ್ಟ: ‘ಅಬ್ಬೇ, ಅದು ಆಗ್ಲೂ ಎಣ್ಣೆ ಬಾಟ್ಲಿಯೇ, ಈಗ್ಲೂ ಎಣ್ಣೆ ಬಾಟ್ಲಿಯೇ!’

ಅಜ್ಜಿ ನಗಲಿಲ್ಲ. ಬಾಟಲಿಯನ್ನು ತಿರುಗಿಸಿ ಬಿಲ್ಲೆ ನೋಡಿದಳು. ‘ಉಸಿರು ಊದಿ ಮಾಡಿದ್ದು ಅಂದ್ಯಲ್ಲ ತಮಾ?’

‘ಹೌದು ಅಜ್ಜಿ.’

‘ಪಾಪ, ಎಷ್ಟು ದಮ್ಮು ಕಟ್ಟಿತ್ತೋ ಅವ್ನಿಗೆ.’

ಎಣ್ಣೆ ತುಂಬಿ ಅದೇ ಜಾಗದಲ್ಲಿಟ್ಟಳು. ಕುಂಕುಮವನ್ನೂ ಹಚ್ಚಿದಳು. ಈ ಸಲ ಮಾತ್ರ ಅಕ್ಷರ ಮುಚ್ಚದ ಹಾಗೆ, ಬಿಲ್ಲೆಯ ಅಂಚಿಗೆ ಒಂದು ಸಣ್ಣ ಬೊಟ್ಟು.