ಬಾಂಗ್ಲಾದೇಶ ಭಾರತವನ್ನು ಹಿಂದಿಕ್ಕಿದೆಯಾ? ಫಾರ್ವರ್ಡ್ ಮಾಡುವ ಮುಂಚೆ ಈ ಲೆಕ್ಕ ನೋಡಿ

ಎರಡು ಮೆಸೇಜ್‌ಗಳು ಕೆಲವು ವರ್ಷಗಳಿಂದ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇವೆ. ಒಂದು: "ತಲಾ ಆದಾಯದಲ್ಲಿ ಬಾಂಗ್ಲಾದೇಶವೂ ನಮ್ಮನ್ನು ದಾಟಿ ಹೋಯಿತು, ನಾಚಿಕೆಗೇಡು!" ಇನ್ನೊಂದು: "ಭಾರತ ಈಗ ಜಗತ್ತಿನ ನಾಲ್ಕನೇ ದೊಡ್ಡ ಆರ್ಥಿಕತೆ, ಬಾಂಗ್ಲಾದೇಶ ನಮ್ಮ ಲೆಕ್ಕಕ್ಕೇ ಇಲ್ಲ." ರಾಯಚೂರಿನ ಗ್ರೂಪ್‌ಗಳಲ್ಲಿ ಇವೆರಡೂ ಒಂದೇ ದಿನ ಬಂದು, ಸಂಜೆಯವರೆಗೆ ಜಗಳ ನಡೆದು, ಕೊನೆಗೆ ಯಾರೋ ಇಬ್ಬರು ಗ್ರೂಪ್ ಬಿಟ್ಟು ಹೋಗುವುದೂ ಉಂಟು. "ಇದರಾಗ ಖರೇ ಯಾವುದು?" ಅಂತ ಕೇಳಿದರೆ ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಎರಡರ ಹಿಂದೆಯೂ ನಿಜವಾದ ಅಂಕಿ ಇದೆ. ಎರಡೂ ಅರ್ಧ ಮಾತು.

ರಾಯಚೂರು ಜಿಲ್ಲೆಯವರಿಗೆ ಬಾಂಗ್ಲಾದೇಶ ನಕಾಶೆಯಲ್ಲಿ ಮಾತ್ರ ಇರುವ ದೇಶ ಅಲ್ಲ. ಸಿಂಧನೂರು ತಾಲ್ಲೂಕಿನ ಆರ್‌.ಎಚ್. ಕ್ಯಾಂಪ್‌ಗಳಲ್ಲಿ ಹಿಂದಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ದಶಕಗಳಿಂದ ಇವೆ. ಹಾಗಾಗಿ ಈ ಹೋಲಿಕೆಯನ್ನು ದೆಹಲಿ, ಢಾಕಾದಲ್ಲಿ ಕೂತು ನೋಡುವ ಬದಲು ಇಲ್ಲಿಂದಲೇ ನೋಡೋಣ.

11 ಡಾಲರ್ ಕಥೆ

ಮೊದಲ ಮೆಸೇಜ್ ಹುಟ್ಟಿದ್ದು 2020ರ ಅಕ್ಟೋಬರ್‌ನಲ್ಲಿ. ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್, ಆ ತಿಂಗಳು ಒಂದು ಅಂದಾಜು ಪ್ರಕಟಿಸಿತು. 2020ರಲ್ಲಿ ಬಾಂಗ್ಲಾದೇಶದ ತಲಾ ಜಿಡಿಪಿ 1,888 ಡಾಲರ್, ಭಾರತದ್ದು 1,877 ಡಾಲರ್ ಆಗಬಹುದು ಎಂದಿತು. ವ್ಯತ್ಯಾಸ 11 ಡಾಲರ್. ಆಗಿನ ದರದಲ್ಲಿ ವರ್ಷಕ್ಕೆ ಸುಮಾರು 800 ರೂಪಾಯಿ, ತಿಂಗಳಿಗೆ 70 ರೂಪಾಯಿಯೂ ಇಲ್ಲ. ಅಷ್ಟಕ್ಕೇ "ಹಿಂದಿಕ್ಕಿತು" ಎಂಬ ದಪ್ಪ ಅಕ್ಷರ.

ಅದು ಕೊರೊನಾ ವರ್ಷ. ಭಾರತದ ಆರ್ಥಿಕತೆ ಶೇ 10.3ರಷ್ಟು ಕುಸಿಯುತ್ತದೆ ಎಂದು ಐಎಂಎಫ್ ಆಗ ಲೆಕ್ಕ ಹಾಕಿತ್ತು. ಕೊನೆಗೆ ನಮ್ಮ ಅಂಕಿಅಂಶ ಇಲಾಖೆ ಕೊಟ್ಟ ಪರಿಷ್ಕೃತ ಲೆಕ್ಕದಲ್ಲಿ 2020-21ರ ಕುಸಿತ ಶೇ 5.8 ಮಾತ್ರ. ಅಂದರೆ ಮೆಸೇಜ್‌ನಲ್ಲಿದ್ದದ್ದು ಆಗಿಹೋದ ಸಂಗತಿ ಅಲ್ಲ, ಮುನ್ಸೂಚನೆ. ಹವಾಮಾನ ಇಲಾಖೆ "ಮಳೆ ಬರಬಹುದು" ಅಂದದ್ದನ್ನು "ಮಳೆ ಬಂತು" ಅಂತ ಹಂಚಿದ ಹಾಗೆ.

ಮುಂದಿನ ವರ್ಷ ಇನ್ನೂ ಒಂದು ಮಜಾ ನಡೆಯಿತು. 2021ರಲ್ಲಿ ಬಾಂಗ್ಲಾದೇಶ ತನ್ನ ಜಿಡಿಪಿ ಲೆಕ್ಕದ ಮೂಲ ವರ್ಷವನ್ನು 2015-16ಕ್ಕೆ ಬದಲಿಸಿತು. ಅದುವರೆಗೆ 2,227 ಡಾಲರ್ ಇದ್ದ ತಲಾ ಆದಾಯ ಲೆಕ್ಕ ಬದಲಾದ ಕೂಡಲೇ 2,554 ಡಾಲರ್ ಆಯಿತು. ಯಾರ ಜೇಬಿಗೂ ಒಂದು ಟಾಕಾ ಹೆಚ್ಚು ಬಂದಿರಲಿಲ್ಲ. ಇದು ಮೋಸ ಅಲ್ಲ. ಹೊಸ ಕಸುಬು, ಹೊಸ ವ್ಯಾಪಾರಗಳನ್ನು ಲೆಕ್ಕಕ್ಕೆ ಸೇರಿಸಲು ಎಲ್ಲ ದೇಶಗಳೂ ಹೀಗೆ ಮಾಡುತ್ತವೆ. ಭಾರತವೂ 2015ರಲ್ಲಿ ಮೂಲ ವರ್ಷವನ್ನು 2011-12ಕ್ಕೆ ಬದಲಿಸಿತ್ತು.

ಆಮೇಲೆ ಟಾಕಾದ ಬೆಲೆ ಬಿತ್ತು. 2022ರ ಆರಂಭದಲ್ಲಿ ಒಂದು ಡಾಲರ್‌ಗೆ ಸುಮಾರು 86 ಟಾಕಾ ಇತ್ತು, 2025ಕ್ಕೆ ಸುಮಾರು 122. ತಿಂಗಳಿಗೆ 10,000 ಟಾಕಾ ದುಡಿಯುವವನ ಆದಾಯ ಡಾಲರ್ ಲೆಕ್ಕದಲ್ಲಿ 116ರಿಂದ 82ಕ್ಕೆ ಇಳಿಯಿತು. ಅವನ ಕೈಗೆ ಬರುವ ನೋಟುಗಳು ಮಾತ್ರ ಅಷ್ಟೇ. 2025ರ ಏಪ್ರಿಲ್‌ನ ಐಎಂಎಫ್ ಅಂದಾಜಿನಲ್ಲಿ ಭಾರತ ಸುಮಾರು 2,900 ಡಾಲರ್, ಬಾಂಗ್ಲಾದೇಶ ಸುಮಾರು 2,700. ಭಾರತ ಮತ್ತೆ ಮುಂದೆ. ಆದರೆ 2020ರ ಆ ಹಳೇ ಚಿತ್ರ ಇಂದಿಗೂ "ಇದೀಗ ಬಂದ ಸುದ್ದಿ" ಅಂತ ಓಡಾಡುತ್ತಿದೆ.

ಡಾಲರ್ ಬಿಟ್ಟು, ಆ ದುಡ್ಡಿಗೆ ಆ ಊರಲ್ಲಿ ಏನು ಸಿಗುತ್ತದೆ ಅಂತ ನೋಡುವ ಇನ್ನೊಂದು ಅಳತೆ ಇದೆ. ಅದಕ್ಕೆ ಕೊಳ್ಳುವ ಶಕ್ತಿಯ ಲೆಕ್ಕ ಎನ್ನಬಹುದು, ಸುದ್ದಿಗಳಲ್ಲಿ ಪಿಪಿಪಿ ಎಂದು ಬರುತ್ತದೆ. ದೇವದುರ್ಗದಲ್ಲಿ ಒಂದು ಪ್ಲೇಟ್ ಒಗ್ಗರಣೆ ಮಿರ್ಚಿ ತಿಂದು ಚಹಾ ಕುಡಿದು ಬರುವ ದುಡ್ಡಿಗೆ ಬೆಂಗಳೂರಿನ ಕೆಲವು ಕಡೆ ಬರೀ ಚಹಾ ಸಿಗಬಹುದು. ಹಾಗಾಗಿ ದೇವದುರ್ಗದ 20,000 ಸಂಬಳವೂ ಬೆಂಗಳೂರಿನ 20,000 ಸಂಬಳವೂ ಒಂದೇ ಅಲ್ಲ. ದೇಶಗಳ ನಡುವೆಯೂ ಅಷ್ಟೇ. ಐಎಂಎಫ್‌ನ ಅದೇ 2020ರ ವರದಿಯಲ್ಲಿ, ಈ ಅಳತೆಯಲ್ಲಿ ಭಾರತ 6,284, ಬಾಂಗ್ಲಾದೇಶ 5,139 ಇತ್ತು. ಒಂದೇ ವರದಿ, ಎರಡು ಸಾಲು. ಹಂಚಿಕೆಯಾದದ್ದು ಒಂದೇ ಸಾಲು.

ಇನ್ನು "ನಾಲ್ಕನೇ ದೊಡ್ಡ ಆರ್ಥಿಕತೆ" ಮಾತು. ಇದು ದೇಶದ ಒಟ್ಟು ಜಿಡಿಪಿಯ ಲೆಕ್ಕ. 140 ಕೋಟಿಗೂ ಹೆಚ್ಚು ಜನರ ಒಟ್ಟು ಉತ್ಪನ್ನ ದೊಡ್ಡದೇ ಇರುತ್ತದೆ. 2025ರಲ್ಲಿ ಜಪಾನ್‌ಗೆ ಸಮ ಬರುತ್ತೇವೆ ಎಂದು ಅಂದಾಜಾದಾಗ ಜಪಾನ್‌ನ ತಲಾ ಜಿಡಿಪಿ ಸುಮಾರು 34,000 ಡಾಲರ್ ಇತ್ತು, ನಮ್ಮದು 2,900. ಇಪ್ಪತ್ತು ಜನರಿರುವ ಕೂಡು ಕುಟುಂಬದ ಒಟ್ಟು ದುಡಿಮೆ ಇಬ್ಬರಿರುವ ಮನೆಗಿಂತ ಹೆಚ್ಚಿದ್ದರೆ ಅದು ಸುಳ್ಳೇನಲ್ಲ. ಆದರೆ ಊಟಕ್ಕೆ ಕೂತಾಗ ಎಲೆಗೆ ಎಷ್ಟು ಬೀಳುತ್ತದೆ ಎಂಬುದು ಬೇರೆ ಪ್ರಶ್ನೆ.

ಸರಾಸರಿಯಲ್ಲಿ ದೇವದುರ್ಗ ಎಲ್ಲಿದೆ?

ಬಾಂಗ್ಲಾದೇಶದ ವಿಸ್ತೀರ್ಣ ಸುಮಾರು 1.48 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದ್ದು 1.92 ಲಕ್ಷ. ನಮ್ಮ ರಾಜ್ಯಕ್ಕಿಂತ ಚಿಕ್ಕ ಜಾಗದಲ್ಲಿ 17 ಕೋಟಿ ಜನ. ಅಂಥ ದೇಶವನ್ನು ಇಡೀ ಭಾರತದ ಸರಾಸರಿ ಜೊತೆ ಇಟ್ಟು ನೋಡುವಾಗ ಒಂದು ತೊಂದರೆ ಇದೆ. ಭಾರತದ ಸರಾಸರಿಯಲ್ಲಿ ಬೆಂಗಳೂರೂ ಇದೆ, ದೇವದುರ್ಗವೂ ಇದೆ. ಆ ಸರಾಸರಿಯಂತೆ ಬದುಕುವವರು ಮಾತ್ರ ಎರಡೂ ಕಡೆ ಕಡಿಮೆ.

ಕರ್ನಾಟಕದ 2005ರ ಮಾನವ ಅಭಿವೃದ್ಧಿ ವರದಿ ತೆಗೆದು ನೋಡಿ. 2001ರ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆ 0.753 ಅಂಕದೊಂದಿಗೆ ಮೊದಲನೆಯದು. ಆಗಿದ್ದ 27 ಜಿಲ್ಲೆಗಳಲ್ಲಿ ರಾಯಚೂರು 0.547 ಪಡೆದು ಕೊನೆಯದು. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ, 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 "ಅತ್ಯಂತ ಹಿಂದುಳಿದ" ತಾಲ್ಲೂಕುಗಳು. ದೇವದುರ್ಗ, ಮಾನ್ವಿ ಎರಡೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36, ರಾಯಚೂರು ಜಿಲ್ಲೆಯದು ಶೇ 59.56. ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿಗೂ ಅಕ್ಷರ ಬರುತ್ತಿರಲಿಲ್ಲ.

ಇದೇ ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ. ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರ ಇದೆ. ಆ ಚಿನ್ನ, ಆ ಕರೆಂಟಿನ ಮೌಲ್ಯವೆಲ್ಲ ಜಿಲ್ಲೆಯ ಉತ್ಪನ್ನದ ಲೆಕ್ಕಕ್ಕೆ ಬರುತ್ತದೆ. ದೇವದುರ್ಗದ ಹಳ್ಳಿಗಳಿಂದ ಮಕ್ಕಳು ಮರಿ ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುವವರು ಅಲ್ಲಿ ಕಟ್ಟಿದ ಗೋಡೆಯ ಮೌಲ್ಯ ಬೆಂಗಳೂರಿನ ಲೆಕ್ಕಕ್ಕೆ ಹೋಗುತ್ತದೆ. ತಲಾ ಆದಾಯ ಎಂಬ ಅಂಕಿ ಯಾರು ದುಡಿದರು ಎನ್ನುವುದನ್ನು ಹೇಳುವುದಿಲ್ಲ. ಎಲ್ಲಿ ದಾಖಲಾಯಿತು ಎನ್ನುವುದನ್ನಷ್ಟೇ ಹೇಳುತ್ತದೆ.

ಅಂಕ ಒಂದೇ, ಬದುಕು ಬೇರೆ

ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಆಯಸ್ಸು, ಶಿಕ್ಷಣ, ಆದಾಯ ಮೂರನ್ನೂ ಸೇರಿಸುತ್ತಾರೆ. 2025ರಲ್ಲಿ ಬಂದ ವರದಿಯಲ್ಲಿ (2023ರ ಅಂಕಿಗಳು) ಭಾರತಕ್ಕೆ 0.685, ಬಾಂಗ್ಲಾದೇಶಕ್ಕೂ 0.685. ಎರಡೂ 130ನೇ ಸ್ಥಾನ. ಫಾರ್ವರ್ಡ್ ಮಾಡುವವರಿಗೆ ಇದು ನಿರಾಸೆಯ ಸುದ್ದಿ, ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಆದರೆ ಆ ಅಂಕದ ಒಳಗೆ ನೋಡಿದರೆ, ಆದಾಯದಲ್ಲಿ ಭಾರತ ಮುಂದೆ, ಆಯಸ್ಸಿನಲ್ಲಿ ಬಾಂಗ್ಲಾದೇಶ ಮುಂದೆ. ಭಾರತದಲ್ಲಿ ನಿರೀಕ್ಷಿತ ಆಯಸ್ಸು 72 ವರ್ಷ, ಅಲ್ಲಿ 74 ದಾಟಿದೆ.

ದುಡ್ಡು ಕಡಿಮೆ ಇರುವ ಕಡೆ ಜನ ಹೆಚ್ಚು ಕಾಲ ಬದುಕುವುದು ಹೇಗೆ? ಇದಕ್ಕೆ ಒಂದೇ ಕಾರಣ ಇಲ್ಲ. ಆದರೆ ಒಂದು ಕಾರಣ ನಮ್ಮ ಜಿಲ್ಲೆಯವರು ತಿಳಿದುಕೊಳ್ಳಲೇಬೇಕಾದದ್ದು. ವಾಂತಿಭೇದಿಗೆ ಕೊಡುವ ಓಆರ್‌ಎಸ್ ಚಿಕಿತ್ಸೆಯ ಮುಖ್ಯ ಪ್ರಯೋಗಗಳು 1968ರಲ್ಲಿ ನಡೆದದ್ದು ಢಾಕಾದ ಕಾಲರಾ ಪ್ರಯೋಗಾಲಯದ ವೈದ್ಯರಿಂದ. 1971ರ ಯುದ್ಧದಲ್ಲಿ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಹರಿದು ಬಂದಾಗ ಕಾಲರಾ ಹಬ್ಬಿತು. ಸಲೈನ್ ಬಾಟಲಿ ಮುಗಿದುಹೋದಾಗ ಭಾರತದ ವೈದ್ಯ ದಿಲೀಪ್ ಮಹಲನಬಿಸ್ ಇದೇ ದ್ರಾವಣವನ್ನು ಡ್ರಮ್ಮಿನಲ್ಲಿ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಮುಂದೆ ಬಾಂಗ್ಲಾದೇಶ ಮಾಡಿದ ಕೆಲಸ ದೊಡ್ಡದು. 1980ರಿಂದ 1990ರವರೆಗೆ ಬ್ರಾಕ್ ಎಂಬ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರಿಗೆ ಕೈಯಾರೆ ಮಾಡಿಸಿ ಕಲಿಸಿದರು. ಸುಮಾರು 1.2 ಕೋಟಿ ಮನೆಗಳನ್ನು ಮುಟ್ಟಿದರು. ಕಾರ್ಯಕರ್ತೆಗೆ ಸಂಬಳ ಎಷ್ಟು ಮನೆ ಸುತ್ತಿದಳು ಎನ್ನುವುದರ ಮೇಲೆ ಅಲ್ಲ, ಕೆಲವು ದಿನ ಬಿಟ್ಟು ಹೋಗಿ ಕೇಳಿದಾಗ ತಾಯಿಗೆ ಎಷ್ಟು ನೆನಪಿದೆ ಎನ್ನುವುದರ ಮೇಲೆ ಕೊಡುತ್ತಿದ್ದರು. (ನೀವು ಮನೆಯಲ್ಲಿ ಚಿಟಿಕೆ ಲೆಕ್ಕ ಮಾಡಲು ಹೋಗಬೇಡಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಆಶಾ ಕಾರ್ಯಕರ್ತೆಯ ಹತ್ತಿರ ಓಆರ್‌ಎಸ್ ಪ್ಯಾಕೆಟ್ ಪುಕ್ಕಟೆ ಸಿಗುತ್ತದೆ, ಅದನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ.)

ಈಗ ರಾಯಚೂರಿಗೆ ಬನ್ನಿ. ಕೃಷ್ಣಾ, ತುಂಗಭದ್ರಾ ಎರಡು ಹೊಳೆಗಳ ನಡುವಿನ ಈ ಊರಿನಲ್ಲಿ 2022ರ ಮೇ ಕೊನೆ, ಜೂನ್ ಮೊದಲಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಹಲವರು ಸತ್ತರು, ಆಸ್ಪತ್ರೆಗಳು ತುಂಬಿದವು. ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲೂ ಅದೇ ಕಥೆ, ಒಂದು ಮಗು ತೀರಿಕೊಂಡಿತು. ಆ ಎರಡೂ ವರ್ಷ ಭಾರತದ ಜಿಡಿಪಿ ಚೆನ್ನಾಗಿಯೇ ಬೆಳೆಯಿತು. ಆ ಬೆಳವಣಿಗೆಯ ಅಂಕಿಯೂ ಸುಳ್ಳಲ್ಲ.

ಹಾಗಂತ ಬಾಂಗ್ಲಾದೇಶ ಸ್ವರ್ಗ ಅಲ್ಲ. ಅದರ ರಫ್ತಿನಲ್ಲಿ ಶೇ 80ಕ್ಕಿಂತ ಹೆಚ್ಚು ಸಿದ್ಧ ಉಡುಪು. ಭಾರತದ ಹತ್ತಿಗೆ ಬಾಂಗ್ಲಾದೇಶವೇ ದೊಡ್ಡ ಗಿರಾಕಿ. ನಮ್ಮ ಕಡೆ ಹತ್ತಿ ಬಿಡಿಸುವ ಕೈಗಳು ಹೆಣ್ಣುಮಕ್ಕಳವು, ಅಲ್ಲಿ ಬಟ್ಟೆ ಹೊಲಿಯುವ ಕೈಗಳಲ್ಲೂ ಹೆಚ್ಚಿನವು ಹೆಣ್ಣುಮಕ್ಕಳವೇ. ತಿಂಗಳ ಸಂಬಳ ಅವರ ಕೈಗೆ ಬಂದಾಗ ಮನೆಯ ಊಟ, ಮಕ್ಕಳ ಶಾಲೆ ಎಲ್ಲ ಬದಲಾಯಿತು ಎನ್ನುವುದು ನಿಜ. ಅದೇ ಉದ್ಯಮದಲ್ಲಿ 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಆದರೂ ಕೆಲಸಕ್ಕೆ ಕರೆದರು.

ಆಡಳಿತದ ಅಂಕ

ಭ್ರಷ್ಟಾಚಾರ ಗ್ರಹಿಕೆ ಸೂಚ್ಯಂಕದ 2024ರ ಪಟ್ಟಿಯಲ್ಲಿ 180 ದೇಶಗಳ ಪೈಕಿ ಭಾರತ 96ನೇ ಸ್ಥಾನ, ಬಾಂಗ್ಲಾದೇಶ 151. ಇಲ್ಲಿ "ಗ್ರಹಿಕೆ" ಎಂಬ ಪದ ಗಮನಿಸಿ. ಲಂಚದ ರಸೀದಿ ಎಣಿಸಿ ಮಾಡಿದ ಪಟ್ಟಿ ಇದಲ್ಲ. ಸರ್ಕಾರಿ ವಲಯ ಎಷ್ಟು ಭ್ರಷ್ಟ ಎಂದು ತಜ್ಞರಿಗೆ, ಉದ್ಯಮಿಗಳಿಗೆ ಅನಿಸುತ್ತದೆ ಎಂಬುದರ ಸರಾಸರಿ. ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ಅಲೆದವರನ್ನು ಯಾರೂ ಕೇಳುವುದಿಲ್ಲ.

ಬೆಳವಣಿಗೆಯ ಅಂಕಿಗಳು ಚೆನ್ನಾಗಿದ್ದ ಮಾತ್ರಕ್ಕೆ ಜನ ಸುಮ್ಮನಿರುತ್ತಾರೆ ಎಂದೂ ಅಲ್ಲ. ತಲಾ ಆದಾಯದಲ್ಲಿ ನಮ್ಮನ್ನು ದಾಟಿತು ಎಂದು ಹೊಗಳಿಸಿಕೊಂಡ ಅದೇ ಬಾಂಗ್ಲಾದೇಶದಲ್ಲಿ 2024ರಲ್ಲಿ ಉದ್ಯೋಗ ಮೀಸಲಾತಿ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದರು. 1,400ರಷ್ಟು ಜನ ಸತ್ತಿರಬಹುದು ಎಂದು ವಿಶ್ವಸಂಸ್ಥೆ ಅಂದಾಜಿಸಿತು. ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟು ಬಂದರು.

ರಾಯಚೂರಿನಲ್ಲಿ ಏಮ್ಸ್ ಆಸ್ಪತ್ರೆ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಸಾವಿರ ದಿನ ಟೆಂಟ್ ಹಾಕಿಕೊಂಡು ಶಾಂತಿಯಿಂದ ಕೂರಲು ಸಾಧ್ಯವಾಯಿತು ಎನ್ನುವುದು ಆಡಳಿತದ ಒಂದು ಗುಣ. ಸಾವಿರ ದಿನ ಕೂರಬೇಕಾಯಿತು ಎನ್ನುವುದೂ ಆಡಳಿತದ್ದೇ ಗುಣ. ಸೂಚ್ಯಂಕ ಇವೆರಡರಲ್ಲಿ ಒಂದನ್ನೂ ಹಿಡಿಯುವುದಿಲ್ಲ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರನ್ನು ಕೇಳಿದರೆ ಅವರು ಕೊಡುವ ಅಂಕವೇ ಬೇರೆ. ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105. ಇರುವ ನೀರಿನಲ್ಲೂ ಮೇಲಿನವರು ಭತ್ತಕ್ಕೆ ಎತ್ತಿಕೊಂಡ ಮೇಲೆ ಉಳಿದದ್ದು ಕೆಳಗಿನವರಿಗೆ.

ಮುಂದಿನ ಸಲ ಎರಡು ಧ್ವಜ ಅಕ್ಕಪಕ್ಕ ಇಟ್ಟ ಚಿತ್ರ ಬಂದರೆ, ಶೇರ್ ಬಟನ್ ಒತ್ತುವ ಮುಂಚೆ ಕೆಳಗೆ ಸಣ್ಣ ಅಕ್ಷರ ಇದೆಯೇ ನೋಡಿ. ಯಾವ ವರ್ಷದ್ದು, ಅಂದಾಜೋ ಆಗಿಹೋದದ್ದೋ, ಒಟ್ಟು ಮೊತ್ತವೋ ತಲಾ ಮೊತ್ತವೋ, ಡಾಲರೋ ಕೊಳ್ಳುವ ಶಕ್ತಿಯೋ. ಇವುಗಳಲ್ಲಿ ಒಂದೂ ಬರೆದಿಲ್ಲದಿದ್ದರೆ ಕಳಿಸಿದವರನ್ನೇ ಕೇಳಿ. "ಅಣ್ಣಾ, ಇದು ಯಾವ ವರ್ಷದ್ದು?" ಅಂತ ಒಂದೇ ಸಾಲು ಹಾಕಿದರೂ ಆ ದಿನದ ಜಗಳ ಅರ್ಧ ಕಡಿಮೆಯಾಗುತ್ತದೆ.