ಮಾರ್ಚ್ ತಿಂಗಳು ಯಾರ ಹೆಸರು?

ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ. ಮೂರನೆಯ ಹಾಳೆ ತೆಗೆಯಿರಿ. ಮೇಲೆ ದಪ್ಪ ಅಕ್ಷರದಲ್ಲಿ ‘ಮಾರ್ಚ್’ ಎಂದಿದೆ. ಬಿಡಿಸಿ ಓದೋಣ. ಮೊದಲು ಮಾ. ಆಮೇಲೆ ಚ್. ಅದರ ಪಕ್ಕ ಅರ್ಕಾವೊತ್ತು. ಅರ್ಕಾವೊತ್ತನ್ನು ಬರೆಯುವುದು ಕೊನೆಗೆ, ಓದುವುದು ಮೊದಲಿಗೆ. ಮಾ-ರ್-ಚ್.

ಈ ಹೆಸರು ಕನ್ನಡದ್ದಲ್ಲ. ಇಂಗ್ಲಿಷಿನಿಂದ ನಮಗೆ ಬಂತು. ಆದರೆ ಇಂಗ್ಲಿಷಿನವರದೂ ಅಲ್ಲ. ಅದರ ಮೂಲ ರೋಮ್ ಎಂಬ ಊರು. ರೋಮ್ ಇಟಲಿ ದೇಶದಲ್ಲಿದೆ. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿಯ ಜನ ದೊಡ್ಡ ರಾಜ್ಯ ಕಟ್ಟಿ ಆಳಿದರು. ಅವರ ಮಾತು ಲ್ಯಾಟಿನ್. ನಮ್ಮ ಹಾಗೆ ಅವರಿಗೂ ಹಲವು ದೇವರುಗಳು. ಅವರಲ್ಲಿ ಒಬ್ಬ ಮಾರ್ಸ್.

ಮಾರ್ಸ್ ಯುದ್ಧದ ದೇವರು. ದಂಡು ಹೊರಡುವಾಗ ಅವನಿಗೆ ಪೂಜೆ. ಆದರೆ ಅವನಿಗೆ ಇನ್ನೊಂದು ಕೆಲಸವೂ ಇತ್ತು. ಹೊಲ ಕಾಯುವುದು. ಕೇಟೋ ಎಂಬ ರೋಮನ್ ಹಿರಿಯ ಬೇಸಾಯದ ಬಗ್ಗೆ ಒಂದು ಪುಸ್ತಕ ಬರೆದಿದ್ದಾನೆ. ಹಂದಿ, ಕುರಿ, ಹೋರಿ ಈ ಮೂರನ್ನೂ ಹೊಲದ ಸುತ್ತ ನಡೆಸಬೇಕು, ಆಮೇಲೆ ಮಾರ್ಸನನ್ನು ಬೇಡಿಕೊಳ್ಳಬೇಕು ಅಂತ ಅದರಲ್ಲಿದೆ. ಬೇಡುವುದೇನು? ಬೆಳೆ ಚೆನ್ನಾಗಿ ಬರಲಿ, ದನಕರು ಉಳಿಯಲಿ, ಮನೆಯವರಿಗೆ ರೋಗ ಬಾರದಿರಲಿ. ಎಳ್ಳಮಾಸೆಗೆ ಹೊಲದಲ್ಲಿ ಚರಗ ಚೆಲ್ಲುವ ನಮ್ಮ ಉತ್ತರ ಕರ್ನಾಟಕದ ರೈತರಿಗೆ ಇದು ತೀರಾ ಹೊಸದು ಅನ್ನಿಸಲಾರದು.

ಚಳಿಗಾಲ ಕಳೆಯಿತು ಅಂದ್ರೆ ರೋಮಿನಲ್ಲಿ ಎರಡು ಕೆಲಸ ಶುರು. ಒಂದು ಬೇಸಾಯ, ಇನ್ನೊಂದು ಯುದ್ಧ. ಎರಡಕ್ಕೂ ದೇವರು ಒಬ್ಬನೇ. ಅದಕ್ಕೇ ಆ ತಿಂಗಳಿಗೆ ಅವನ ಹೆಸರಿಟ್ಟರು. ಲ್ಯಾಟಿನ್ ಮಾತಿನಲ್ಲಿ ಅದು ‘ಮಾರ್ತಿಯುಸ್’. ಅದೇ ಅವರ ವರ್ಷದ ಮೊದಲ ತಿಂಗಳು.

ಮೊದಲ ತಿಂಗಳು ಅನ್ನುವುದಕ್ಕೆ ಗುರುತು ಇವತ್ತಿಗೂ ನಮ್ಮ ಕ್ಯಾಲೆಂಡರಿನಲ್ಲಿ ಉಳಿದಿದೆ. ಬೆರಳು ಮಡಿಸಿ ಎಣಿಸಿ. ಮಾರ್ಚ್ ಒಂದು, ಏಪ್ರಿಲ್ ಎರಡು, ಮೇ ಮೂರು. ಹೀಗೇ ಹೋದರೆ ಸೆಪ್ಟೆಂಬರ್ ಎಷ್ಟನೆಯದು? ಏಳನೆಯದು. ಲ್ಯಾಟಿನ್ನಿನಲ್ಲಿ ಏಳಕ್ಕೆ ‘ಸೆಪ್ತೆಮ್’ ಅಂತಾರೆ. ಎಂಟಕ್ಕೆ ‘ಒಕ್ತೊ’, ಅದು ಅಕ್ಟೋಬರ್. ಒಂಬತ್ತಕ್ಕೆ ‘ನೊವೆಮ್’, ಅದು ನವೆಂಬರ್. ಹತ್ತಕ್ಕೆ ‘ದೆಕೆಮ್’, ಅದು ಡಿಸೆಂಬರ್. ಈಗ ನಮಗೆ ಗೊತ್ತಿರುವ ಸಂಸ್ಕೃತದ ಮಾತುಗಳನ್ನು ಪಕ್ಕದಲ್ಲಿಟ್ಟು ನೋಡಿ. ಸಪ್ತ, ಅಷ್ಟ, ನವ, ದಶ. ಹತ್ತಿರ ಹತ್ತಿರ ಇವೆ ಅಲ್ವಾ? ಲ್ಯಾಟಿನ್ ಮತ್ತು ಸಂಸ್ಕೃತ ಒಂದೇ ಹಳೆಯ ಮನೆತನದ ಭಾಷೆಗಳು. ಅದಕ್ಕೇ ಈ ಹೋಲಿಕೆ. ಮುಂದೆ ಜನವರಿಯನ್ನು ಮೊದಲ ತಿಂಗಳು ಮಾಡಿದರು. ಆದರೆ ಹೆಸರು ಬದಲಾಯಿಸಲಿಲ್ಲ. ಹೀಗಾಗಿ ‘ಹತ್ತನೆಯ’ ಡಿಸೆಂಬರು ಹನ್ನೆರಡನೆಯ ಜಾಗದಲ್ಲಿ ಕೂತಿದೆ.

ರೋಮನ್ನರ ರಾಜ್ಯ ಹೋಯಿತು. ಮಾರ್ಸನಿಗೆ ಪೂಜೆ ಮಾಡುವವರು ಇಲ್ಲವಾದರು. ಹೆಸರು ಮಾತ್ರ ಊರೂರು ಸುತ್ತಿತು. ಫ್ರಾನ್ಸಿನವರು ಈ ತಿಂಗಳನ್ನು ‘ಮಾರ್ಸ್’ ಎಂದೇ ಕರೆಯುತ್ತಾರೆ. ಇಟಲಿಯಲ್ಲಿ ‘ಮಾರ್ತ್ಸೊ’, ಜರ್ಮನಿಯಲ್ಲಿ ‘ಮೆರ್ತ್ಸ್’, ರಷ್ಯಾದಲ್ಲೂ ತುರ್ಕಿಯಲ್ಲೂ ‘ಮಾರ್ತ್’. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ‘ಮಾಚಿ’. ಎಲ್ಲರೂ ಈ ಹೆಸರು ಇಟ್ಟುಕೊಂಡರು ಅಂತಲ್ಲ. ಜಪಾನಿನವರು ಸುಮ್ಮನೆ ‘ಮೂರನೆಯ ತಿಂಗಳು’ ಅನ್ನುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಕೇಳಲು ಒಂದೇ ಥರ ಇರುವ ಮಾತೆಲ್ಲ ಒಂದೇ ಅಲ್ಲ. ಗಾಂಧೀಜಿ 1930ರ ಮಾರ್ಚ್ 12ರಂದು ಉಪ್ಪಿನ ಸತ್ಯಾಗ್ರಹಕ್ಕೆ ನಡೆದು ಹೊರಟರು. ಅದನ್ನು ‘ದಂಡಿ ಮಾರ್ಚ್’ ಅನ್ನುತ್ತೇವೆ. ಆ ಮಾರ್ಚ್ ಅಂದರೆ ನಡಿಗೆ. ಅದಕ್ಕೂ ಮಾರ್ಸನಿಗೂ ಸಂಬಂಧವಿಲ್ಲ. ವಿಧಾನಸೌಧದಲ್ಲಿ ಗಲಾಟೆಯಾದರೆ ಮಾರ್ಷಲ್‌ಗಳು ಬರುತ್ತಾರೆ. ಅವರೂ ಮಾರ್ಸನ ಕಡೆಯವರಲ್ಲ. ಆ ಮಾತಿನ ಹಳೆಯ ಅರ್ಥ ಕುದುರೆ ನೋಡಿಕೊಳ್ಳುವ ಆಳು! ಆದರೆ 1919ರಲ್ಲಿ ಬ್ರಿಟಿಷರು ಪಂಜಾಬಿನ ಮೇಲೆ ಹೇರಿದ ‘ಮಾರ್ಷಲ್ ಲಾ’, ಅಂದರೆ ದಂಡಿನ ಆಳ್ವಿಕೆ, ಅದು ಮಾತ್ರ ಮಾರ್ಸನ ಹೆಸರಿನಿಂದಲೇ ಬಂದದ್ದು. ಕನ್ನಡದಲ್ಲಿ ಎರಡನ್ನೂ ಒಂದೇ ರೀತಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ.

ಇನ್ನು ವಾರದ ಹೆಸರಿಗೆ ಬರೋಣ. ನಮ್ಮ ಮಂಗಳವಾರಕ್ಕೆ ಫ್ರಾನ್ಸಿನವರು ‘ಮಾರ್ದಿ’ ಅನ್ನುತ್ತಾರೆ. ಸ್ಪೇನಿನವರು ‘ಮಾರ್ತೆಸ್’, ಇಟಲಿಯವರು ‘ಮಾರ್ತೆದಿ’. ಎಲ್ಲದರ ಅರ್ಥವೂ ಮಾರ್ಸನ ದಿನ. ಇಂಗ್ಲಿಷಿನವರ ಟ್ಯೂಸ್‌ಡೇ ಬೇರೆ ಥರ ಕಾಣುತ್ತದೆ. ಅವರು ಮಾರ್ಸನನ್ನು ತೆಗೆದು ಆ ಜಾಗಕ್ಕೆ ‘ತೀವ್’ ಎಂಬ ತಮ್ಮ ದೇವರನ್ನು ಕೂರಿಸಿದರು. ಪೋರ್ಚುಗಲ್ ದೇಶದವರು ದೇವರ ಗೊಡವೆಯೇ ಬೇಡ ಎಂದು ‘ಮೂರನೆಯ ದಿನ’ ಅಂತ ಕರೆದುಬಿಟ್ಟರು.

ಆಕಾಶದಲ್ಲಿ ಕೆಂಪಗೆ ಕಾಣುವ ಒಂದು ಗ್ರಹ ಇದೆ. ರೋಮನ್ನರು ಅದಕ್ಕೂ ಮಾರ್ಸ್ ಅಂದರು. ಆ ಗ್ರಹವೇ ನಮ್ಮ ಮಂಗಳ. ಅಲ್ಲಿ ಮಾರ್ಸನ ದಿನ, ಇಲ್ಲಿ ಮಂಗಳನ ವಾರ. ಇದು ಹೇಗೆ ಕೂಡಿಬಂತು? ಏಳು ದಿನಕ್ಕೆ ಸೂರ್ಯ, ಚಂದ್ರ ಮತ್ತು ಐದು ಗ್ರಹಗಳ ಹೆಸರಿಡುವ ಪದ್ಧತಿ ಗ್ರೀಕರ ಜ್ಯೋತಿಷ್ಯದ ಜೊತೆ ಹರಡಿತು. ಪಡುವಣಕ್ಕೆ ರೋಮಿಗೆ ಹೋಯಿತು. ಮೂಡಣಕ್ಕೆ ನಮ್ಮ ದೇಶಕ್ಕೆ ಬಂತು. ಮಧ್ಯಪ್ರದೇಶದ ಏರಣ್ ಎಂಬಲ್ಲಿ 484ನೇ ಇಸವಿಯ ಒಂದು ಶಾಸನ ಇದೆ. ಅದರಲ್ಲಿ ತಿಥಿಯ ಜೊತೆಗೆ ಗುರುವಾರ ಎಂದು ವಾರವನ್ನೂ ಕೆತ್ತಿದ್ದಾರೆ. ವಾರದ ಹೆಸರು ಹೇಳುವ ನಮ್ಮ ತುಂಬ ಹಳೆಯ ಶಾಸನಗಳಲ್ಲಿ ಅದೂ ಒಂದು.

ಆ ಕೆಂಪು ಬಣ್ಣ ನೋಡಿ ಒಬ್ಬೊಬ್ಬರಿಗೆ ಒಂದೊಂದು ನೆನಪಾಯಿತು. ರೋಮನ್ನರಿಗೆ ಯುದ್ಧ. ತುಳುವರಿಗೆ ಕೆಂಡ. ತುಳುವಿನಲ್ಲಿ ಮಂಗಳವಾರ ಅಂದರೆ ‘ಅಂಗಾರ’, ಅಂಗಾರ ಎಂದರೆ ಕೆಂಡ. ತಮಿಳರು ಆ ಗ್ರಹವನ್ನು ‘ಸೆವ್ವಾಯ್’ ಅನ್ನುತ್ತಾರೆ. ಕೆಂಪು ಎಂಬ ಮಾತೇ ಅದರೊಳಗಿದೆ. ಜಪಾನಿನವರಿಗೆ ಅದು ಬೆಂಕಿಯ ಗ್ರಹ, ಮಂಗಳವಾರ ಬೆಂಕಿಯ ದಿನ. ನಮ್ಮ ಹಿರಿಯರು ‘ಕುಜ’ ಎಂದೂ ಕರೆದರು. ಕು ಅಂದರೆ ಭೂಮಿ, ಜ ಅಂದರೆ ಹುಟ್ಟಿದವನು. ಭೂಮಿತಾಯಿಯ ಮಗ. ಈ ಹೆಸರು ನಮಗೆ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ.

ಆದರೆ ಆ ಹೆಸರಿನಲ್ಲೇ ನಮ್ಮ ಹೆಣ್ಣುಮಕ್ಕಳಿಗೆ ಕಷ್ಟ ಬಂದಿದೆ. ‘ಹುಡುಗಿಗೆ ಕುಜದೋಷ ಇದೆ, ಗಂಡನಿಗೆ ಆಗಿಬರಲ್ಲ’ ಅಂತಾರೆ. ಬಂದ ಸಂಬಂಧ ವಾಪಸ್ಸು ಹೋಗುತ್ತೆ. ಕೆಲವು ಕಡೆ ಮೊದಲು ಬಾಳೆಗಿಡಕ್ಕೆ ಮದುವೆ ಮಾಡಿ ಆಮೇಲೆ ಗಂಡು ಹುಡುಕುತ್ತಾರೆ. ವಯಸ್ಸು ದಾಟುತ್ತದೆ. ಶಾಂತಿ, ಹೋಮ ಎಂದು ಸಾಲ ಏರುತ್ತದೆ. ಮಂಗಳವಾರ ಮಗಳನ್ನು ಗಂಡನ ಮನೆಗೆ ಕಳಿಸಬಾರದು, ತಲೆಕೂದಲು ಕತ್ತರಿಸಬಾರದು ಎಂಬ ಮಾತೂ ಉಂಟು. ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ದೂರದ ಸ್ಪೇನಿನಲ್ಲೂ ಮಂಗಳವಾರ ಮದುವೆ ಆಗಬೇಡ, ಹಡಗು ಹತ್ತಬೇಡ ಅಂತ ಹಳಬರು ಹೇಳುತ್ತಿದ್ದರು. ತಿಂಗಳ 13ನೇ ತಾರೀಕು ಮಂಗಳವಾರ ಬಂದರಂತೂ ಅವರಿಗೆ ದೊಡ್ಡ ಅಪಶಕುನ. ಅಲ್ಲಿ ಜಗಳಗಂಟ ದೇವರ ದಿನ ಎಂಬ ಭಯ, ಇಲ್ಲಿ ಪಾಪಗ್ರಹದ ದಿನ ಎಂಬ ಭಯ.

ಆ ಗ್ರಹದಲ್ಲಿ ಇರುವುದೇನು? ಕಲ್ಲು ಮತ್ತು ಮಣ್ಣು. ಮಣ್ಣಿನಲ್ಲಿ ಕಬ್ಬಿಣ ಇದೆ. ಕಬ್ಬಿಣ ತುಕ್ಕು ಹಿಡಿದಿದೆ. ಆ ತುಕ್ಕಿನಿಂದಲೇ ಕೆಂಪು ಬಣ್ಣ. ಸಂಡೂರಿನ ಅದಿರಿನ ದೂಳು ನೋಡಿದವರಿಗೆ ಈ ಬಣ್ಣ ಹೇಳಿಕೊಡಬೇಕಾಗಿಲ್ಲ. ಅಗಲದಲ್ಲಿ ಅದು ಭೂಮಿಯ ಅರ್ಧದಷ್ಟು. ನಮಗೆ ತೀರಾ ಹತ್ತಿರ ಬಂದಾಗಲೂ ಸುಮಾರು ಐದೂವರೆ ಕೋಟಿ ಕಿಲೋಮೀಟರ್ ದೂರ. ಅಷ್ಟು ದೂರದ ತುಕ್ಕುಮಣ್ಣು ಯಾವ ಹುಡುಗಿಯ ಜಾತಕ ನೋಡಿ ಯಾವ ಗಂಡನಿಗೆ ಕೇಡು ಮಾಡೀತು? ಯುದ್ಧ, ಸಿಟ್ಟು, ಕೇಡು ಇವೆಲ್ಲ ಬಣ್ಣ ನೋಡಿ ಜನ ಅಂಟಿಸಿದ್ದು.

ಆ ಗ್ರಹಕ್ಕೆ ನಮ್ಮ ದೇಶವೂ ಒಂದು ನೌಕೆ ಕಳಿಸಿತು. ಜನ ಅದನ್ನು ಮಂಗಳಯಾನ ಎಂದರು. 2013ರ ಅಕ್ಟೋಬರ್ 28ಕ್ಕೆ ಹಾರಿಸಬೇಕೆಂದಿತ್ತು. ರಾಕೆಟ್ ಹೋಗುವ ದಾರಿ ನೋಡಲು ಸಮುದ್ರಕ್ಕೆ ಕಳಿಸಿದ್ದ ಹಡಗು ಗಾಳಿ ಮಳೆಗೆ ಸಿಕ್ಕಿ ತಡವಾಯಿತು. ಹಾಗಾಗಿ ನವೆಂಬರ್ 5ಕ್ಕೆ ಶ್ರೀಹರಿಕೋಟಾದಿಂದ ಹಾರಿಸಿದರು. ಅವತ್ತು ಮಂಗಳವಾರವೇ ಆಗಿತ್ತು. ಬೆಂಗಳೂರಿನ ಪೀಣ್ಯದ ಕೇಂದ್ರದಲ್ಲಿ ಕೂತು ಅದಕ್ಕೆ ದಾರಿ ತೋರಿಸಿದರು. ಈ ಕೆಲಸದ ಮುಂದಾಳುಗಳಲ್ಲಿ ನಂದಿನಿ ಹರಿನಾಥ್, ರಿತು ಕರಿಧಾಲ್ ಎಂಬ ಹೆಣ್ಣುಮಕ್ಕಳೂ ಇದ್ದರು. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನೌಕೆ ಮಂಗಳನ ಸುತ್ತ ತಿರುಗತೊಡಗಿತು. ಖರ್ಚು ಸುಮಾರು 450 ಕೋಟಿ ರೂಪಾಯಿ. ಆರು ತಿಂಗಳು ಕೆಲಸ ಮಾಡಿದರೆ ಸಾಕು ಎಂದು ಕಳಿಸಿದ್ದರು. ಅದು ಏಳು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿತು. 2022ರಲ್ಲಿ ಸಂಪರ್ಕ ಕಡಿಯಿತು.