ಘಟ್ಟದ ಇಳಿಜಾರಿನ ಗುಣಾಕಾರ

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಟ್ಟದ ರಸ್ತೆಯಲ್ಲಿ ವಾಹನಗಳ ಅಪಾಯವನ್ನು ನಾವು ವೇಗದಿಂದಲೇ ಅಳೆಯುವುದು ರೂಢಿ. ಅದು ಅರ್ಧ ಲೆಕ್ಕ ಮಾತ್ರ. ಚಲಿಸುವ ವಸ್ತುವಿನ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದಾಗ ದೊರೆಯುವುದು ಸಂವೇಗ. ವಾಹನ ನಿಲ್ಲಬೇಕಾದರೆ ಬ್ರೇಕು ಕಳೆಯಬೇಕಾದದ್ದು ಅದನ್ನೇ.

ಸರಕು ಸೇರಿ 16 ಟನ್ ತೂಗುವ ಲಾರಿಯೊಂದು ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಸಾಗುತ್ತಿದೆ ಎನ್ನೋಣ. 16,000 ಕಿಲೋಗ್ರಾಂ ಅನ್ನು 10ರಿಂದ ಗುಣಿಸಿದರೆ ಸಂವೇಗ 1,60,000. ಸಾವಿರ ಕಿಲೋ ತೂಕದ ಕಾರು ಇಷ್ಟು ಸಂವೇಗ ಪಡೆಯಲು ಗಂಟೆಗೆ 576 ಕಿ.ಮೀ. ವೇಗದಲ್ಲಿ ಓಡಬೇಕು! ಅದೇ ಲಾರಿಗೆ ಇನ್ನೂ 4 ಟನ್ ಮರ ಹೇರಿದರೆ, ಚಾಲಕ ವೇಗ ಹೆಚ್ಚಿಸದಿದ್ದರೂ, ಸಂವೇಗ 2,00,000ಕ್ಕೆ ಏರುತ್ತದೆ. ಅದನ್ನು ಹಿಂದಿನ ಮಟ್ಟಕ್ಕೆ ತರಲು ವೇಗವು 29 ಕಿ.ಮೀ.ಗಿಂತ ಕೆಳಗಿಳಿಯಬೇಕು. ಇಳಿಜಾರಿನಲ್ಲಿ ಗುರುತ್ವವೂ ಭಾರಕ್ಕೆ ತಕ್ಕಂತೆ ಕೆಳಗೆಳೆಯುತ್ತದೆ.

2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಬಳಿ ಗುಡ್ಡ ಕುಸಿದು ಈ ರಸ್ತೆ ಹಾಳಾದ ಮೇಲೆ ಭಾರೀ ವಾಹನಗಳನ್ನು ತಡೆಯಲಾಯಿತು. ರಸ್ತೆಯ ಕ್ಷೇಮಕ್ಕಾಗಿ ನೆನಪಾದ ಭಾರವು ಜನರ ಕ್ಷೇಮಕ್ಕಾಗಿಯೂ ನೆನಪಾಗಬೇಡವೇ? ಹೆಚ್ಚುವರಿ ಸರಕಿನ ಬಾಡಿಗೆ ಮಾಲೀಕನಿಗೆ. ಅದರ ಅಪಾಯ ತಿರುವಿನಾಚೆಯಿಂದ ಬರುವ ಪ್ರಯಾಣಿಕನಿಗೆ. ವೇಗಮಿತಿಯ ಫಲಕ ಗುಣಾಕಾರದ ಒಂದು ಅಂಶವನ್ನಷ್ಟೇ ಕಾಯಬಲ್ಲದು. ಇನ್ನೊಂದನ್ನು ಲಾರಿ ಘಟ್ಟ ಇಳಿಯುವ ಮುನ್ನವೇ ವೇಬ್ರಿಡ್ಜ್‌ನಲ್ಲಿ ತೂಗಬೇಕು. ಅಪಘಾತದ ನಂತರದ ತೂಕ ಮಹಜರಿನ ಕಾಗದಕ್ಕಷ್ಟೇ ಉಪಯೋಗ.